ರಾಕ್ ಟಿ-ಷರ್ಟ್: ವಿನ್ಯಾಸ ಮತ್ತು ಸಂಗ್ರಹ

ರಾಕ್ ಸಂಗೀತ ತಂಡವೊಂದರ ಹೆಸರು, ಲಾಂಛನ, ಆಲ್ಬಂನ ಮುಖಚಿತ್ರ ಅಥವಾ ಪ್ರವಾಸದ ಊರು-ದಿನಾಂಕಗಳ ಪಟ್ಟಿಯನ್ನು ಅಚ್ಚೊತ್ತಿದ ಹತ್ತಿಯ ಅಂಗಿ. ಕಾನ್ಸರ್ಟ್ ನಡೆಯುವ ಜಾಗದಲ್ಲಿ ತಂಡದವರೇ ಮಾರುವ ಅಂಗಿ, ಅನುಮತಿ ಪಡೆದ ಕಂಪನಿ ಅಂಗಡಿಗಳಿಗೆ ಒದಗಿಸುವ ಅಂಗಿ, ಅಭಿಮಾನಿ ತನ್ನ ಕೈಯಾರೆ ಬರೆದೋ ಅಚ್ಚುಹಾಕಿಯೋ ತೊಡುವ ಅಂಗಿ, ಅನುಮತಿಯಿಲ್ಲದೆ ಮೈದಾನದ ಹೊರಗೆ ಮಾರುವ ಬೂಟ್‌ಲೆಗ್ ಅಂಗಿ, ಈ ನಾಲ್ಕೂ ಇದೇ ಹೆಸರಿನಡಿ ಬರುತ್ತವೆ. 1960ರ ದಶಕದ ಕೊನೆಯಲ್ಲಿ ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ನೆಲೆಗೊಂಡ ಈ ರೂಢಿ ಇಂದು ರಾಕ್ ಕೇಳುವ ಎಲ್ಲ ದೇಶಗಳಲ್ಲೂ ಇದೆ. ಆಗ ಕೆಲವೇ ಡಾಲರುಗಳಿಗೆ ಸಿಗುತ್ತಿದ್ದ ಅಂಗಿಗಳು ಈಗ ಹರಾಜು ಮನೆಗಳಲ್ಲಿ ಬಿಕರಿಯಾಗುತ್ತಿವೆ. ಧ್ವನಿಮುದ್ರಿಕೆಗಳಲ್ಲಿ ಸಂಗೀತ ಉಳಿದಿದೆ. ಆ ಸಂಗೀತವನ್ನು ಯಾರು, ಎಲ್ಲಿ, ಎಂಥ ಹಚ್ಚಿಕೊಳ್ಳುವಿಕೆಯಿಂದ ಕೇಳಿದರು ಎಂಬುದಕ್ಕೆ ಸಾಕ್ಷಿ ಈ ಅಂಗಿಗಳಲ್ಲಿದೆ. ಆದ್ದರಿಂದಲೇ ಇವುಗಳ ಅಧ್ಯಯನ ಫ್ಯಾಷನ್ನಿನ ಇತಿಹಾಸಕ್ಕೆ ಸೇರಿದಷ್ಟೇ ಮುದ್ರಣಕಲೆಯ ಮತ್ತು ಅಭಿಮಾನದ ಇತಿಹಾಸಕ್ಕೂ ಸೇರುತ್ತದೆ.

ಹುಟ್ಟು ಮತ್ತು ಬೆಳವಣಿಗೆ

ಟಿ-ಷರ್ಟ್ ಮೂಲತಃ ಒಳ ಉಡುಪು. 1913ರ ಸುಮಾರಿಗೆ ಅಮೆರಿಕದ ನೌಕಾಪಡೆ ಗುಂಡು ಕತ್ತಿನ, ಗಿಡ್ಡ ತೋಳಿನ ಬಿಳಿ ಹತ್ತಿಯ ಅಂಗಿಯನ್ನು ಸಮವಸ್ತ್ರದ ಒಳಗೆ ತೊಡಲು ನೀಡಿತು. ಎರಡನೆಯ ಮಹಾಯುದ್ಧದ ನಂತರ ಊರಿಗೆ ಮರಳಿದ ಸೈನಿಕರು ಅದನ್ನು ಹೊರ ಉಡುಪಾಗಿಯೂ ತೊಟ್ಟರು. 'ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್' (1951) ಚಿತ್ರದಲ್ಲಿ ಮಾರ್ಲನ್ ಬ್ರಾಂಡೊ, 'ರೆಬೆಲ್ ವಿಥೌಟ್ ಎ ಕಾಸ್' (1955) ಚಿತ್ರದಲ್ಲಿ ಜೇಮ್ಸ್ ಡೀನ್ ಅದನ್ನು ತೊಟ್ಟು ಕಾಣಿಸಿಕೊಂಡ ಮೇಲೆ ಅದು ಹರೆಯದವರ ಗುರುತಾಯಿತು. ಅಂಗಿಯ ಮೇಲೆ ಅಕ್ಷರ ಮುದ್ರಿಸುವ ರೂಢಿ ಅದಕ್ಕೂ ಹಳೆಯದು: 1948ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಥಾಮಸ್ ಡ್ಯೂಯಿ ಪರ ಘೋಷಣೆ ಹೊತ್ತ ಅಂಗಿಯೊಂದು ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. 1950ರ ದಶಕದಲ್ಲಿ ಎಲ್ವಿಸ್ ಪ್ರೆಸ್ಲಿಯ ಹೆಸರಿನಲ್ಲಿ ಬಗೆಬಗೆಯ ಸರಕು ಮಾರುಕಟ್ಟೆಗೆ ಬಂತು. ಅಭಿಮಾನಿಗಳ ಅಂಗಿಗಳೂ ಆ ಹೊತ್ತಿಗೆ ಕಾಣಿಸಿಕೊಂಡವು.

ಆದರೆ ಅಂಗಿ ಕಾನ್ಸರ್ಟಿನ ಅವಿಭಾಜ್ಯ ಅಂಗವಾದದ್ದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ. 1960ರ ದಶಕದ ನಡುವಿನಲ್ಲಿ ಫಿಲ್ಮೋರ್, ಅವಲಾನ್ ಬಾಲ್‌ರೂಮ್‌ಗಳಂಥ ಸಭಾಂಗಣಗಳಲ್ಲಿ ವಾರವಾರವೂ ರಾಕ್ ಕಛೇರಿಗಳು ನಡೆಯುತ್ತಿದ್ದವು. ಪ್ರತಿ ಕಛೇರಿಗೂ ಸ್ಟ್ಯಾನ್ಲಿ ಮೌಸ್, ಆಲ್ಟನ್ ಕೆಲ್ಲಿ ಮೊದಲಾದವರು ಬಣ್ಣಬಣ್ಣದ ಭಿತ್ತಿಪತ್ರ ಬರೆಯುತ್ತಿದ್ದರು. ಆ ಭಿತ್ತಿಪತ್ರ ಗೋಡೆಯಿಂದ ಎದೆಗೆ ಬಂದದ್ದೇ ರಾಕ್ ಟಿ-ಷರ್ಟ್. ಗ್ರೇಟ್‌ಫುಲ್ ಡೆಡ್ ತಂಡಕ್ಕಾಗಿ ಆಲನ್ 'ಗಟ್' ಟರ್ಕ್ ಮಾಡಿದ ಅಂಗಿಗಳು ಈ ಪ್ರಕಾರದ ಅತ್ಯಂತ ಹಳೆಯ ಮಾದರಿಗಳ ಸಾಲಿನಲ್ಲಿವೆ. ಫಿಲ್ಮೋರ್ ನಡೆಸುತ್ತಿದ್ದ ಬಿಲ್ ಗ್ರಹಾಂ 1970ರ ದಶಕದಲ್ಲಿ ವಿಂಟರ್‌ಲ್ಯಾಂಡ್ ಪ್ರೊಡಕ್ಷನ್ಸ್ ಮೂಲಕ ತಂಡಗಳ ಅಂಗಿಗಳನ್ನು ವ್ಯವಸ್ಥಿತವಾಗಿ ಮುದ್ರಿಸಿ ಪ್ರವಾಸದುದ್ದಕ್ಕೂ ಮಾರುವ ಉದ್ಯಮವನ್ನೇ ಕಟ್ಟಿದರು.

ಇದಕ್ಕೆ ತಂತ್ರಜ್ಞಾನದ ಬೆಂಬಲವೂ ಒದಗಿ ಬಂತು. ಬಟ್ಟೆಯ ಮೇಲೆ ಒಗೆದರೂ ಹೋಗದಂತೆ ಕೂರುವ ಪ್ಲಾಸ್ಟಿಸಾಲ್ ಶಾಯಿ ಬಳಕೆಗೆ ಬಂದಿತ್ತು. ಹಲವು ಬಣ್ಣಗಳನ್ನು ಸುತ್ತುತ್ತಾ ಒಂದರ ಮೇಲೊಂದು ಅಚ್ಚೊತ್ತುವ ಯಂತ್ರಕ್ಕೆ ಮೈಕಲ್ ವ್ಯಾಸಿಲಾಂಟೋನ್ 1969ರಲ್ಲಿ ಪೇಟೆಂಟ್ ಪಡೆದರು. ಸಣ್ಣ ಕೊಠಡಿಯಲ್ಲೂ ಒಂದು ದಿನಕ್ಕೆ ನೂರಾರು ಅಂಗಿ ಮುದ್ರಿಸುವುದು ಸಾಧ್ಯವಾಯಿತು. 1970ರ ದಶಕದಲ್ಲಿ ಲೆಡ್ ಜೆಪ್ಲಿನ್, ರೋಲಿಂಗ್ ಸ್ಟೋನ್ಸ್, ಪಿಂಕ್ ಫ್ಲಾಯ್ಡ್ ತಂಡಗಳು ದೊಡ್ಡ ಕ್ರೀಡಾಂಗಣಗಳಿಗೆ ಏರಿದಾಗ ಅಂಗಿಯ ಮಾರಾಟವೂ ಅದೇ ಪ್ರಮಾಣಕ್ಕೆ ಏರಿತು. ಮುಂದೆ 1980ರ ದಶಕದ ಹೆವಿ ಮೆಟಲ್ ಕಪ್ಪು ಅಂಗಿಯನ್ನು ತನ್ನ ಸಮವಸ್ತ್ರ ಮಾಡಿಕೊಂಡಿತು; ಬೆನ್ನ ತುಂಬ ಊರುಗಳ ಪಟ್ಟಿ ಇರುವುದು ಅದರ ಸಾಮಾನ್ಯ ರೂಪವಾಯಿತು.

ಲಾಂಛನಗಳು ಮತ್ತು ಕಲಾವಿದರು

ಅಂಗಿಯನ್ನು ದೂರದಿಂದಲೇ ಗುರುತಿಸುವಂತೆ ಮಾಡುವುದು ಲಾಂಛನ. ಇವುಗಳಲ್ಲಿ ಅತ್ಯಂತ ಪರಿಚಿತವಾದದ್ದಕ್ಕೆ ಭಾರತದ ನಂಟಿದೆ. 1970ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನ ವಿದ್ಯಾರ್ಥಿಯಾಗಿದ್ದ ಜಾನ್ ಪಾಶ್ ಅವರಿಗೆ ಮಿಕ್ ಜಾಗರ್ ನಾಲಗೆ ಚಾಚಿದ ಕಾಳಿಯ ಚಿತ್ರವೊಂದನ್ನು ತೋರಿಸಿದರು. ಪಾಶ್ ಅದರಿಂದ ತುಟಿ ಮತ್ತು ನಾಲಗೆಯನ್ನಷ್ಟೇ ಎತ್ತಿಕೊಂಡು ರೋಲಿಂಗ್ ಸ್ಟೋನ್ಸ್ ತಂಡದ ಲಾಂಛನ ರಚಿಸಿದರು. ಅದಕ್ಕೆ ಅವರಿಗೆ ಮೊದಲು ಸಿಕ್ಕ ಸಂಭಾವನೆ 50 ಪೌಂಡ್. ಲಾಂಛನ 1971ರ 'ಸ್ಟಿಕಿ ಫಿಂಗರ್ಸ್' ಆಲ್ಬಂನೊಂದಿಗೆ ಹೊರಬಂತು. ಆ ಆಲ್ಬಂನ ಮುಖಪುಟದ ಕಲ್ಪನೆ ಆಂಡಿ ವಾರ್ಹಾಲ್ ಅವರದಾದ್ದರಿಂದ ಲಾಂಛನವೂ ಅವರದೇ ಎಂದು ಬಹಳ ಮಂದಿ ನಂಬಿದ್ದಾರೆ, ಅದು ಸರಿಯಲ್ಲ. ಪಾಶ್ ಅವರ ಮೂಲ ಚಿತ್ರವನ್ನು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯ 2008ರಲ್ಲಿ 92,500 ಡಾಲರಿಗೆ ಕೊಂಡುಕೊಂಡಿತು.

ಗ್ರೇಟ್‌ಫುಲ್ ಡೆಡ್ ತಂಡದ ಗುಲಾಬಿ ಮುಡಿದ ಅಸ್ಥಿಪಂಜರ 1966ರಲ್ಲಿ ಅವಲಾನ್ ಬಾಲ್‌ರೂಮಿನ ಭಿತ್ತಿಪತ್ರಕ್ಕಾಗಿ ಮೌಸ್ ಮತ್ತು ಕೆಲ್ಲಿ ರೂಪಿಸಿದ್ದು. ಉಮರ್ ಖಯ್ಯಾಮನ ರುಬಾಯಿಗಳ ಇಂಗ್ಲಿಷ್ ಅನುವಾದಕ್ಕೆ ಎಡ್ಮಂಡ್ ಸಲಿವನ್ ಬರೆದಿದ್ದ ಚಿತ್ರ ಅದರ ಮೂಲ. ಪರ್ಷಿಯನ್ ಕಾವ್ಯವೊಂದರ ಚಿತ್ರ ಹೀಗೆ ಗ್ರಂಥಾಲಯದ ಪುಟದಿಂದ ಭಿತ್ತಿಪತ್ರಕ್ಕೆ, ಅಲ್ಲಿಂದ ಲಕ್ಷಾಂತರ ಅಂಗಿಗಳಿಗೆ ಹರಿಯಿತು. ಅದೇ ತಂಡದ ಮಿಂಚು ಸೀಳಿದ ತಲೆಬುರುಡೆ 1969ರಲ್ಲಿ ಧ್ವನಿತಜ್ಞ ಆಸ್ಲಿ ಸ್ಟ್ಯಾನ್ಲಿ ಮತ್ತು ಕಲಾವಿದ ಬಾಬ್ ಥಾಮಸ್ ಅವರಿಂದ ಹುಟ್ಟಿತು.

ಇಂಗ್ಲೆಂಡಿನ ಜಾಯ್ ಡಿವಿಷನ್ ತಂಡದ 'ಅನ್‌ನೋನ್ ಪ್ಲೆಷರ್ಸ್' (1979) ಆಲ್ಬಂನ ಅಲೆಗೆರೆಗಳು ವಿಜ್ಞಾನದಿಂದ ಬಂದವು. ಜೋಸೆಲಿನ್ ಬೆಲ್ ಬರ್ನೆಲ್ 1967ರಲ್ಲಿ ಗುರುತಿಸಿದ ಮೊಟ್ಟಮೊದಲ ಪಲ್ಸರ್ ನಕ್ಷತ್ರದ ರೇಡಿಯೊ ಮಿಡಿತಗಳನ್ನು ಸಂಶೋಧಕ ಹೆರಾಲ್ಡ್ ಕ್ರಾಫ್ಟ್ 1970ರ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ಒಂದರ ಕೆಳಗೊಂದು ಜೋಡಿಸಿದ್ದರು. ಆ ನಕ್ಷೆಯನ್ನು ಖಗೋಳ ವಿಶ್ವಕೋಶವೊಂದರಲ್ಲಿ ಕಂಡ ಗಿಟಾರ್ ವಾದಕ ಬರ್ನಾರ್ಡ್ ಸಮ್ನರ್ ಅದನ್ನು ಆರಿಸಿದರು. ವಿನ್ಯಾಸಕ ಪೀಟರ್ ಸ್ಯಾವಿಲ್ ಕಪ್ಪು ಗೆರೆಗಳನ್ನು ಬಿಳಿಯಾಗಿಸಿ ಹಿನ್ನೆಲೆಯನ್ನು ಕಪ್ಪು ಮಾಡಿದರು. ಮುಖಪುಟದಲ್ಲಿ ತಂಡದ ಹೆಸರೇ ಇರಲಿಲ್ಲ. ಗೆರೆಗಳೇ ಹೆಸರಾದವು.

ರಾಮೋನ್ಸ್ ತಂಡದ ಲಾಂಛನವನ್ನು ಮೆಕ್ಸಿಕೊ ಮೂಲದ ಆರ್ಟುರೊ ವೇಗಾ ಅಮೆರಿಕದ ಅಧ್ಯಕ್ಷರ ಮುದ್ರೆಯ ಮಾದರಿಯಲ್ಲಿ ಮಾಡಿದರು. ಹದ್ದಿನ ಕಾಲಿನಲ್ಲಿ ಆಲಿವ್ ಕೊಂಬೆಗೆ ಬದಲು ಸೇಬಿನ ಕೊಂಬೆ, ಬಾಣಗಳಿಗೆ ಬದಲು ಬೇಸ್‌ಬಾಲ್ ದಾಂಡು ಬಂತು. ಮೋಟರ್‌ಹೆಡ್ ತಂಡದ ಕೋರೆಹಲ್ಲಿನ ಮುಖ ಜೋ ಪೆಟಾಗ್ನೊ ಅವರದು. ಎಸಿ/ಡಿಸಿ ತಂಡದ ಮಿಂಚಿನ ಅಕ್ಷರಗಳು ಜೆರಾರ್ಡ್ ಹುಯೆರ್ಟಾ ಅವರದು. ಐರನ್ ಮೇಡನ್ ತಂಡದ 'ಎಡ್ಡಿ' 1980ರ ಮೊದಲ ಆಲ್ಬಂನಲ್ಲಿ ಡೆರೆಕ್ ರಿಗ್ಸ್ ಕುಂಚದಿಂದ ಬಂದು, ಮುಂದೆ ಪ್ರತಿ ಆಲ್ಬಂ, ಪ್ರತಿ ಪ್ರವಾಸಕ್ಕೂ ಹೊಸ ವೇಷ ತೊಟ್ಟ. ಒಂದೇ ಪಾತ್ರದ ನೂರಾರು ವೇಷಗಳನ್ನು ಕಲೆಹಾಕುವುದೇ ಮೇಡನ್ ಸಂಗ್ರಾಹಕರ ಸಾಧನೆ.

ಅಭಿಮಾನಿಯೇ ವಿನ್ಯಾಸಕ

ಈ ಕಲೆಯ ಅರ್ಧ ಭಾಗ ಅಭಿಮಾನಿಗಳ ಕೊಡುಗೆ. 1975ರಲ್ಲಿ ಲಂಡನ್ನಿನ ಕಿಂಗ್ಸ್ ರೋಡಿನಲ್ಲಿ ತಿರುಗಾಡುತ್ತಿದ್ದ ಜಾನ್ ಲೈಡನ್ ಎಂಬ ಯುವಕ ಪಿಂಕ್ ಫ್ಲಾಯ್ಡ್ ಅಂಗಿಯ ಮೇಲೆ ಆ ತಂಡವನ್ನು ತಾನು ದ್ವೇಷಿಸುತ್ತೇನೆಂದು ಪೆನ್ನಿನಲ್ಲಿ ಗೀಚಿಕೊಂಡಿದ್ದ. ಆ ಅಂಗಿ ಕಂಡವರು ಅವನನ್ನು ಹಾಡಲು ಕರೆದರು. ಅವನೇ ಸೆಕ್ಸ್ ಪಿಸ್ಟಲ್ಸ್ ತಂಡದ ಜಾನಿ ರಾಟನ್ ಆದ. ಪಂಕ್ ಚಳವಳಿ ಅಲ್ಲಿಂದ ಮುಂದೆ ಕತ್ತರಿ, ಪಿನ್ನು, ಪೆನ್ನು, ಸ್ಟೆನ್ಸಿಲ್‌ಗಳನ್ನು ಪ್ರತಿಯೊಬ್ಬನ ಕೈಗೂ ಕೊಟ್ಟಿತು.

ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಫ್ಲ್ಯಾಗ್ ತಂಡದ ಲಾಂಛನ ಈ ದೃಷ್ಟಿಯಿಂದ ಪಾಠದಂತಿದೆ. ರೇಮಂಡ್ ಪೆಟಿಬಾನ್ ರಚಿಸಿದ ಅದು ಏರಿಳಿದು ನಿಂತ ನಾಲ್ಕು ಕಪ್ಪು ಪಟ್ಟಿಗಳಷ್ಟೇ. ಅಲುಗಾಡುವ ಬಾವುಟದ ಸೂಚನೆ. ಯಾವ ಹುಡುಗನೂ ರಟ್ಟು ಕತ್ತರಿಸಿ ಬಣ್ಣ ಉಗ್ಗಿ ಅದನ್ನು ಅಂಗಿಗೆ ಇಳಿಸಬಹುದಿತ್ತು. ಮಿಸ್‌ಫಿಟ್ಸ್ ತಂಡದ ತಲೆಬುರುಡೆ 1946ರ 'ದಿ ಕ್ರಿಮ್ಸನ್ ಘೋಸ್ಟ್' ಎಂಬ ಧಾರಾವಾಹಿ ಚಿತ್ರದಿಂದ ಎತ್ತಿದ್ದು. ಅದೂ ಎರಡೇ ಬಣ್ಣಗಳಲ್ಲಿ ಮುಗಿಯುವ ಗಟ್ಟಿ ಆಕೃತಿ. ಅಭಿಮಾನಿ ತಾನೇ ಬರೆಯಬಲ್ಲ ಲಾಂಛನ ಬೇಗ ಹರಡುತ್ತದೆ, ಬಹುಕಾಲ ಬಾಳುತ್ತದೆ.

ಗ್ರೇಟ್‌ಫುಲ್ ಡೆಡ್ ತಂಡದ ಅಭಿಮಾನಿಗಳಾದ 'ಡೆಡ್‌ಹೆಡ್'ಗಳು ಇದನ್ನು ಬದುಕಿನ ಕ್ರಮವನ್ನಾಗಿಯೇ ಮಾಡಿಕೊಂಡರು. ತಂಡದ ಹಿಂದೆ ಊರಿಂದೂರಿಗೆ ಹೋಗುತ್ತಾ, ಕ್ರೀಡಾಂಗಣದ ವಾಹನ ನಿಲ್ದಾಣದಲ್ಲಿ ತಾವೇ ಗಂಟು ಕಟ್ಟಿ ಬಣ್ಣ ಹಾಕಿದ, ತಾವೇ ಚಿತ್ರ ಬರೆದು ಅಚ್ಚೊತ್ತಿದ ಅಂಗಿಗಳನ್ನು ಮಾರಿ ಮುಂದಿನ ಊರಿನ ಖರ್ಚು ಹೊಂದಿಸುತ್ತಿದ್ದರು. ಆ ಸಂತೆಗೆ ತಂಡದ 1978ರ ಆಲ್ಬಂನ 'ಶೇಕ್‌ಡೌನ್ ಸ್ಟ್ರೀಟ್' ಎಂಬ ಹೆಸರೇ ಬಿತ್ತು. ಇಂಥ ಅಂಗಿಗಳನ್ನು ಸಂಗ್ರಾಹಕರು 'ಲಾಟ್ ಟೀ' ಎನ್ನುತ್ತಾರೆ. ಅಧಿಕೃತ ಅಂಗಿಗಳಲ್ಲಿ ಕಾಣದ ಕಲ್ಪನೆ ಅವುಗಳಲ್ಲಿರುವುದರಿಂದ ಪ್ರತ್ಯೇಕ ಸಂಗ್ರಹ ಶಾಖೆಯೇ ಬೆಳೆದಿದೆ.

ಈ ಪರಂಪರೆ ಒಲಿಂಪಿಕ್ಸ್‌ವರೆಗೂ ತಲುಪಿತು. ಸೋವಿಯತ್ ಒಕ್ಕೂಟದಿಂದ ಆಗಷ್ಟೇ ಬಿಡುಗಡೆಗೊಂಡಿದ್ದ ಲಿಥುವೇನಿಯಾದ ಬಾಸ್ಕೆಟ್‌ಬಾಲ್ ತಂಡಕ್ಕೆ 1992ರ ಬಾರ್ಸಿಲೋನಾ ಕೂಟಕ್ಕೆ ಹೋಗಲು ಹಣವಿರಲಿಲ್ಲ. ಗ್ರೇಟ್‌ಫುಲ್ ಡೆಡ್ ನೆರವಿಗೆ ನಿಂತಿತು. ಕಲಾವಿದ ಗ್ರೆಗ್ ಸ್ಪಿಯರ್ಸ್ ರಾಷ್ಟ್ರಧ್ವಜದ ಹಳದಿ, ಹಸಿರು, ಕೆಂಪು ಬಣ್ಣ ಹರಡಿದ ಬಟ್ಟೆಯ ಮೇಲೆ ಬುಟ್ಟಿಗೆ ಚೆಂಡು ತುರುಕುವ ಅಸ್ಥಿಪಂಜರವನ್ನು ಬರೆದರು. ಹಿಂದಿನ ಸೋವಿಯತ್ ಗಣರಾಜ್ಯಗಳ ಸಂಯುಕ್ತ ತಂಡವನ್ನು 82-78ರಿಂದ ಸೋಲಿಸಿ ಕಂಚು ಗೆದ್ದ ಆಟಗಾರರು ಪದಕ ವೇದಿಕೆಗೆ ಅದೇ ಅಂಗಿ ತೊಟ್ಟು ಏರಿದರು. ರಾಕ್ ಅಭಿಮಾನದ ಅಂಗಿಯೊಂದು ಹೊಸ ರಾಷ್ಟ್ರದ ಹೆಮ್ಮೆಯ ಉಡುಗೆಯಾದ ಗಳಿಗೆ ಅದು.

ಮುದ್ರಣದ ವಿಧಾನ

ರಾಕ್ ಅಂಗಿಯ ಶ್ರೇಷ್ಠ ಮುದ್ರಣ ಇಂದಿಗೂ ಸ್ಕ್ರೀನ್ ಪ್ರಿಂಟಿಂಗ್. ಚೌಕಟ್ಟಿಗೆ ಬಿಗಿದ ಪಾಲಿಯೆಸ್ಟರ್ ಜಾಲರಿಗೆ ಬೆಳಕಿಗೆ ಗಟ್ಟಿಯಾಗುವ ರಾಸಾಯನಿಕ ಲೇಪವನ್ನು ಮಬ್ಬುಗತ್ತಲಲ್ಲಿ ಬಳಿದು ಒಣಗಿಸುತ್ತಾರೆ. ಪಾರದರ್ಶಕ ಹಾಳೆಯ ಮೇಲೆ ಕಪ್ಪಿನಲ್ಲಿ ಮೂಡಿಸಿದ ಚಿತ್ರವನ್ನು ಅದರ ಮೇಲಿಟ್ಟು ಬೆಳಕು ಹಾಯಿಸಿದರೆ, ಬೆಳಕು ತಾಗಿದ ಭಾಗ ಗಟ್ಟಿಯಾಗಿ, ಚಿತ್ರದ ನೆರಳಿನ ಭಾಗ ನೀರಿನಲ್ಲಿ ತೊಳೆದುಹೋಗುತ್ತದೆ. ಆ ಕಿಂಡಿಗಳ ಮೂಲಕ ಶಾಯಿಯನ್ನು ರಬ್ಬರ್ ಪಟ್ಟಿಯಿಂದ ಎಳೆದಾಗ ಚಿತ್ರ ಬಟ್ಟೆಗಿಳಿಯುತ್ತದೆ. ಬಣ್ಣವೊಂದಕ್ಕೆ ಪರದೆಯೊಂದು ಬೇಕು. ಆದ್ದರಿಂದಲೇ ಹಳೆಯ ಅಂಗಿಗಳಲ್ಲಿ ಬಣ್ಣಗಳ ಸಂಖ್ಯೆ ಮಿತ, ಗೆರೆ ಗಟ್ಟಿ.

ಜಾಲರಿಯ ಹೆಣಿಗೆ ಫಲಿತಾಂಶವನ್ನು ನಿರ್ಧರಿಸುತ್ತದೆ. ದಪ್ಪ ಅಕ್ಷರಗಳಿಗೆ ಅಂಗುಲಕ್ಕೆ 110 ಎಳೆಗಳ ಜಾಲರಿ ಸಾಕು. ಚುಕ್ಕಿಗಳಿಂದ ನೆರಳು-ಬೆಳಕು ಮೂಡಿಸುವ ಹಾಫ್‌ಟೋನ್ ಚಿತ್ರಕ್ಕೆ 230ರ ಆಸುಪಾಸಿನದು ಬೇಕು. ಕಪ್ಪು ಬಟ್ಟೆಯ ಮೇಲೆ ಬಣ್ಣ ಬೆಳಗಬೇಕಾದರೆ ಮೊದಲು ಬಿಳಿಯ ತಳಪದರ ಹಾಕಿ, ಕ್ಷಣಕಾಲ ಬಿಸಿ ತಾಗಿಸಿ ಒಣಗಿಸಿ, ಅದರ ಮೇಲೆ ಉಳಿದ ಬಣ್ಣಗಳನ್ನು ಕೂರಿಸುತ್ತಾರೆ. ಪ್ಲಾಸ್ಟಿಸಾಲ್ ಶಾಯಿ ಪಿವಿಸಿ ಕಣಗಳಿಂದಾದದ್ದು. ತಾನಾಗಿ ಒಣಗುವುದಿಲ್ಲ, ಸಾಮಾನ್ಯವಾಗಿ ಸುಮಾರು 160 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಬೇಕು. ನೀರು ಆಧಾರಿತ ಶಾಯಿ ನೂಲಿನೊಳಗೆ ಇಳಿಯುವುದರಿಂದ ಕೈಗೆ ಮೃದು. ಡಿಸ್ಚಾರ್ಜ್ ಶಾಯಿ ಬಟ್ಟೆಯ ಮೂಲ ಬಣ್ಣವನ್ನೇ ತೆಗೆದು ಆ ಜಾಗದಲ್ಲಿ ಹೊಸ ಬಣ್ಣ ತುಂಬುತ್ತದೆ. ಹಳೆಯ ಅಂಗಿಯ ಹಗುರ ಸ್ಪರ್ಶ ಬಯಸುವವರಿಗೆ ಇದು ಅಚ್ಚುಮೆಚ್ಚು.

ಮನೆಯಲ್ಲಿ ಒಂದೆರಡು ಅಂಗಿ ಮಾಡಿಕೊಳ್ಳುವವರಿಗೆ ಸ್ಟೆನ್ಸಿಲ್ ಮತ್ತು ಬಟ್ಟೆಬಣ್ಣ ಸಾಕು. ಬಟ್ಟೆಯ ಮೇಲೆ ನೇರವಾಗಿ ಶಾಯಿ ಸಿಂಪಡಿಸುವ ಡಿಟಿಜಿ, ಹಾಳೆಯ ಮೇಲೆ ಮುದ್ರಿಸಿ ಶಾಖದಿಂದ ಅಂಟಿಸುವ ಡಿಟಿಎಫ್ ವಿಧಾನಗಳು ಒಂದೇ ಅಂಗಿಯನ್ನೂ ಬಹುವರ್ಣದಲ್ಲಿ ಮುದ್ರಿಸಬಲ್ಲವು. ಅವು ಅನುಕೂಲ ತಂದಿವೆ. ಆದರೆ ಹತ್ತಾರು ವರ್ಷ ಒಗೆದ ಮೇಲೂ ಉಳಿಯುವ, ಸವೆದಷ್ಟೂ ಚೆಂದ ಕಾಣುವ ಗುಣ ಸ್ಕ್ರೀನ್ ಅಚ್ಚಿನಲ್ಲೇ ಹೆಚ್ಚು.

ವಿನ್ಯಾಸದ ಸೂತ್ರಗಳು

ಒಳ್ಳೆಯ ರಾಕ್ ಅಂಗಿಯ ಚಿತ್ರ ಹತ್ತು ಹೆಜ್ಜೆ ದೂರದಿಂದ ಒಂದೇ ಆಕೃತಿಯಾಗಿ ಕಾಣಬೇಕು. ಹತ್ತಿರ ಬಂದಾಗ ಇನ್ನೊಂದು ವಿವರ ತೋರಬೇಕು. ಮೆಟಾಲಿಕಾ ತಂಡಕ್ಕೆ 'ಪುಶ್‌ಹೆಡ್' ಎಂಬ ಹೆಸರಿನ ಕಲಾವಿದ ಬರೆದ ತಲೆಬುರುಡೆಗಳಲ್ಲಿ ಈ ಎರಡೂ ಗುಣಗಳಿವೆ: ದೂರದಿಂದ ಸ್ಪಷ್ಟ ಮುಖ, ಹತ್ತಿರದಿಂದ ಸಾವಿರ ಗೆರೆಗಳ ನೇಯ್ಗೆ. ಎದೆಯ ಚಿತ್ರವನ್ನು ಕತ್ತಿನ ಪಟ್ಟಿಯಿಂದ ಸುಮಾರು 3 ಅಂಗುಲ ಕೆಳಗೆ ಆರಂಭಿಸುವುದು, ಅಗಲವನ್ನು 12 ಅಂಗುಲದ ಆಸುಪಾಸಿಗೆ ಮಿತಗೊಳಿಸುವುದು ರೂಢಿ. ಚಿತ್ರ ಕೆಳಗಿಳಿದರೆ ಹೊಟ್ಟೆಯ ಮೇಲೆ ಕೂತು ಅಂದ ಕೆಡುತ್ತದೆ.

ಬೆನ್ನಿನ ಪಟ್ಟಿ ಅಂಗಿಗೆ ಕಾಲ ಮತ್ತು ಸ್ಥಳವನ್ನು ಕೊಡುತ್ತದೆ. ಅಭಿಮಾನಿ ತನ್ನದೇ ಅಂಗಿ ರೂಪಿಸುವಾಗ ತಾನು ಕಂಡ ಕಛೇರಿಯ ಊರು, ದಿನಾಂಕ, ಹಾಡಿದ ಹಾಡುಗಳ ಕ್ರಮವನ್ನು ಅಲ್ಲಿ ಬರೆದುಕೊಂಡರೆ ಅಧಿಕೃತ ಅಂಗಿಯಲ್ಲಿ ಇಲ್ಲದ ಮಾಹಿತಿ ದಾಖಲಾಗುತ್ತದೆ. ಸ್ಥಳೀಯ ಸಂಕೇತಗಳ ಬಳಕೆಯೂ ಹೀಗೆಯೇ ಅಂಗಿಗೆ ಸ್ಥಳದ ಗುರುತು ಕೊಡುತ್ತದೆ. ತಂಡದ ಲಾಂಛನವನ್ನು ನಕಲು ಮಾಡುವುದಕ್ಕಿಂತ ಹಾಡೊಂದರ ಭಾವವನ್ನು ಸ್ವಂತ ಚಿತ್ರದಲ್ಲಿ ಹಿಡಿಯುವುದು ಕಠಿಣ. ಆದರೆ ಉಳಿಯುವುದು ಅದೇ. ಬಟ್ಟೆಯ ಆಯ್ಕೆಯೂ ವಿನ್ಯಾಸದ ಭಾಗವೇ: ನಯವಾದ ರಿಂಗ್‌ಸ್ಪನ್ ನೂಲಿನ ಹೆಣಿಗೆಯ ಮೇಲೆ ಸೂಕ್ಷ್ಮ ಗೆರೆಗಳು ನಿಲ್ಲುತ್ತವೆ, ಒರಟು ನೂಲಿನ ಮೇಲೆ ಒಡೆಯುತ್ತವೆ.

ಸಂಗ್ರಹ ಮತ್ತು ಕಾಲನಿರ್ಣಯ

ಅಂಗಿ ಯಾವ ಕಾಲದ್ದು ಎಂದು ತಿಳಿಯುವುದು ಸಂಗ್ರಾಹಕನ ಮೊದಲ ವಿದ್ಯೆ. ಅದಕ್ಕೆ ನಾಲ್ಕು ಕಡೆ ನೋಡಬೇಕು. ಮೊದಲನೆಯದು ಕತ್ತಿನ ಒಳಗೆ ಹೊಲಿದ ತಯಾರಕರ ಪಟ್ಟಿ. ಸ್ಕ್ರೀನ್ ಸ್ಟಾರ್ಸ್, ಹೇನ್ಸ್, ಆನ್ವಿಲ್, ಸ್ಟೆಡ್‌ಮನ್, ಜಯಂಟ್, ಬ್ರಾಕಮ್ ಮುಂತಾದ ಗುರುತುಗಳ ಅಕ್ಷರಶೈಲಿ ಕಾಲಕಾಲಕ್ಕೆ ಬದಲಾಗಿದೆ. ಹೇನ್ಸ್ ಕಂಪನಿಯ ದಪ್ಪ ಬಟ್ಟೆಯ 'ಬೀಫಿ-ಟಿ' ಬಂದದ್ದು 1975ರಲ್ಲಿ. ಅದಕ್ಕೂ ಹಿಂದಿನ ಕಾನ್ಸರ್ಟಿನದು ಎನ್ನುವ ಅಂಗಿಯಲ್ಲಿ ಆ ಪಟ್ಟಿ ಇದ್ದರೆ ಅದು ಮೂಲವಲ್ಲ. ಅಮೆರಿಕದ ಅಂಗಿಗಳಲ್ಲಿ 'ಆರ್‌ಎನ್' ಎಂದು ಆರಂಭವಾಗುವ ಸಂಖ್ಯೆ ತಯಾರಕರನ್ನೋ ಆಮದುದಾರರನ್ನೋ ಗುರುತಿಸುತ್ತದೆ. ಅದು ಅಂಗಿಯ ವರ್ಷವನ್ನು ಹೇಳುವುದಿಲ್ಲ.

ಎರಡನೆಯದು ಹೊಲಿಗೆ. ತೋಳಿನ ಮತ್ತು ಕೆಳಗಿನ ಅಂಚಿನಲ್ಲಿ ಒಂದೇ ಸಾಲು ಹೊಲಿಗೆ ಇದ್ದರೆ 'ಸಿಂಗಲ್ ಸ್ಟಿಚ್'. ಅಮೆರಿಕದಲ್ಲಿ 1990ರ ದಶಕದ ನಡುವಿನವರೆಗೆ ಇದು ಸಾಮಾನ್ಯವಾಗಿತ್ತು. ಆಮೇಲೆ ಜೋಡಿ ಸಾಲು ರೂಢಿಗೆ ಬಂತು. ಈ ಲಕ್ಷಣವೊಂದನ್ನೇ ನಂಬಬಾರದು, ಏಕೆಂದರೆ ಹಳೆಯ ಖಾಲಿ ಅಂಗಿಯ ಮೇಲೆ ಹೊಸ ಅಚ್ಚು ಹಾಕುವವರಿದ್ದಾರೆ. ಮೂರನೆಯದು ಬಟ್ಟೆ. ಹತ್ತಿ-ಪಾಲಿಯೆಸ್ಟರ್ ಸಮಪಾಲಿನ ತೆಳು ಬಟ್ಟೆ 1970 ಮತ್ತು 80ರ ದಶಕಗಳಲ್ಲಿ ಹೆಚ್ಚು. ತೊಟ್ಟು ಒಗೆದು ಕಾಗದದಷ್ಟು ತೆಳುವಾದದ್ದಕ್ಕೆ ವಿಶೇಷ ಬೇಡಿಕೆ. ನಾಲ್ಕನೆಯದು ಅಚ್ಚು. ಚಿತ್ರದ ಕೆಳಗೆ ಹಕ್ಕುಸ್ವಾಮ್ಯದ ವರ್ಷ, ಪರವಾನಗಿದಾರರ ಹೆಸರು ಇರುತ್ತದೆ. ಆ ವರ್ಷ ಚಿತ್ರದ್ದು, ಅಂಗಿಯದೇ ಆಗಬೇಕಿಲ್ಲ. ನಿಜವಾದ ಹಳೆಯ ಅಚ್ಚಿನ ಬಿರುಕು ಬಟ್ಟೆಯ ಮಡಿಕೆಗಳನ್ನು ಅನುಸರಿಸಿ ಹಬ್ಬಿರುತ್ತದೆ. ಕೃತಕ ಬಿರುಕು ಎಲ್ಲೆಡೆ ಒಂದೇ ನಮೂನೆಯಲ್ಲಿ ಕಾಣುತ್ತದೆ.

ಹಳೆಯ ಅಂಗಿಯ ಮೇಲಿನ ಅಳತೆಯ ಅಕ್ಷರವನ್ನು ನಂಬದೆ, ಒಂದು ಕಂಕುಳಿನಿಂದ ಇನ್ನೊಂದಕ್ಕೆ ಇರುವ ಅಗಲ ಮತ್ತು ಕತ್ತಿನಿಂದ ಅಂಚಿನವರೆಗಿನ ಉದ್ದವನ್ನು ಅಳೆದು ದಾಖಲಿಸುವುದು ಸಂಗ್ರಾಹಕರ ಕ್ರಮ. ಒಮ್ಮೆಯೂ ತೊಡದೆ ಉಳಿದದ್ದನ್ನು 'ಡೆಡ್‌ಸ್ಟಾಕ್' ಎನ್ನುತ್ತಾರೆ. ಬೆಲೆ ನಿಗದಿಯಾಗುವುದು ತಂಡದ ಖ್ಯಾತಿ, ಕಾನ್ಸರ್ಟಿನ ಮಹತ್ವ, ಉಳಿದ ಪ್ರತಿಗಳ ವಿರಳತೆ ಮತ್ತು ಯಾರ ಕೈಯಿಂದ ಬಂತೆಂಬ ಇತಿಹಾಸದಿಂದ. 1967ರ ಹಳದಿ ಬಣ್ಣದ ಗ್ರೇಟ್‌ಫುಲ್ ಡೆಡ್ ಅಂಗಿಯೊಂದು 2021ರಲ್ಲಿ ಸದಬೀಸ್ ಹರಾಜಿನಲ್ಲಿ 17,640 ಡಾಲರಿಗೆ ಹೋಯಿತು. ಇಂಥ ಬೆಲೆಗಳು ಅಪರೂಪ. ಬೆಲೆಯನ್ನೇ ಗುರಿಯಾಗಿಸಿಕೊಂಡವರು ಬೇಗ ಬೇಸರಗೊಳ್ಳುತ್ತಾರೆ. ಒಂದು ತಂಡ, ಒಂದು ಪ್ರವಾಸ ಅಥವಾ ಒಬ್ಬ ಕಲಾವಿದನನ್ನು ಹಿಡಿದು ಆಳಕ್ಕಿಳಿದವರ ಸಂಗ್ರಹವೇ ಮುಂದೆ ಆಕರವಾಗಿ ಬೆಲೆಬಾಳುತ್ತದೆ.

ಹಕ್ಕು ಮತ್ತು ವ್ಯಾಪಾರ

ತಂಡದ ಹೆಸರು ಮತ್ತು ಲಾಂಛನ ಸಾಮಾನ್ಯವಾಗಿ ಟ್ರೇಡ್‌ಮಾರ್ಕ್. ಚಿತ್ರ ಕೃತಿಸ್ವಾಮ್ಯಕ್ಕೆ ಒಳಪಟ್ಟದ್ದು. ಭಾರತದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಮತ್ತು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಇವನ್ನು ರಕ್ಷಿಸುತ್ತವೆ. ಕಲಾಕೃತಿಯ ಸ್ವಾಮ್ಯ ಕಲಾವಿದ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ತನಗಾಗಿ ಒಂದು ಅಂಗಿ ಬರೆದುಕೊಳ್ಳುವುದಕ್ಕೂ ಅದನ್ನೇ ಮುದ್ರಿಸಿ ಮಾರುವುದಕ್ಕೂ ದೊಡ್ಡ ಅಂತರವಿದೆ. ಮಾರುವ ಇರಾದೆ ಇದ್ದರೆ ತಂಡದ ಅನುಮತಿ ಪಡೆಯಲೇಬೇಕು.

ಲಾಂಛನಗಳ ಬೆಲೆಯನ್ನು ಎರಡು ಪ್ರಕರಣಗಳು ತೋರಿಸುತ್ತವೆ. 1991ರಲ್ಲಿ ಕಾಣಿಸಿಕೊಂಡ ನಿರ್ವಾಣ ತಂಡದ ನಗುಮುಖವನ್ನು ಹೋಲುವ ಚಿತ್ರ ಬಳಸಿದರೆಂದು ಫ್ಯಾಷನ್ ಸಂಸ್ಥೆ ಮಾರ್ಕ್ ಜೇಕಬ್ಸ್ ವಿರುದ್ಧ 2018ರಲ್ಲಿ ದಾವೆ ಹೂಡಲಾಯಿತು. ಅದು 2024ರಲ್ಲಿ ರಾಜಿಯಲ್ಲಿ ಮುಗಿಯಿತು. 2017ರಲ್ಲಿ ಕೆಂಡಲ್ ಮತ್ತು ಕೈಲಿ ಜೆನ್ನರ್ ಸಹೋದರಿಯರು ಮೆಟಾಲಿಕಾ ಮೊದಲಾದವರ ಹಳೆಯ ಅಂಗಿಚಿತ್ರಗಳ ಮೇಲೆ ತಮ್ಮ ಮುಖ ಅಚ್ಚೊತ್ತಿ ಮಾರಾಟಕ್ಕಿಟ್ಟಾಗ ತೀವ್ರ ವಿರೋಧ ಬಂತು. ಅವರು ಕ್ಷಮೆ ಕೋರಿ ಅಂಗಿಗಳನ್ನು ಹಿಂತೆಗೆದುಕೊಂಡರು.

ಅಂತರ್ಜಾಲ ಬಂದು ಧ್ವನಿಮುದ್ರಿಕೆಗಳ ಮಾರಾಟ ಕುಸಿದ ಮೇಲೆ ಸಣ್ಣ ತಂಡಗಳಿಗೆ ಅಂಗಿಯ ಮಾರಾಟ ಆಧಾರವಾಗಿದೆ. ಅನೇಕ ಸಭಾಂಗಣಗಳು ಆ ಹಣದಲ್ಲೂ ಪಾಲು ಕೇಳುತ್ತವೆ. ಇದರ ವಿರುದ್ಧ ಬ್ರಿಟನ್ನಿನ ಫೀಚರ್ಡ್ ಆರ್ಟಿಸ್ಟ್ಸ್ ಕೋಯಲಿಷನ್ 2022ರಲ್ಲಿ ಪಾಲು ಪಡೆಯದ ಸಭಾಂಗಣಗಳ ಪಟ್ಟಿಯನ್ನು ಪ್ರಕಟಿಸಿತು. ಅಮೆರಿಕದ ಲೈವ್ ನೇಷನ್ 2023ರಲ್ಲಿ ತನ್ನ ಸಣ್ಣ ಸಭಾಂಗಣಗಳಲ್ಲಿ ಪಾಲು ಕೈಬಿಡುವುದಾಗಿ ಹೇಳಿತು. ತಂಡದ ಮೇಜಿನಿಂದಲೇ ಅಂಗಿ ಕೊಳ್ಳುವುದು ಆ ತಂಡದ ಮುಂದಿನ ಪಯಣಕ್ಕೆ ಕೊಡುವ ನೇರ ನೆರವು.

ಸಂರಕ್ಷಣೆ

ಬೆಳಕು, ಶಾಖ, ತೇವ ಹಾಗೂ ಕೀಟಗಳು ಅಂಗಿಯ ಶತ್ರುಗಳು. ತೊಡುವ ಅಂಗಿಯನ್ನು ಒಳಹೊರಗು ಮಾಡಿ, ತಣ್ಣೀರಿನಲ್ಲಿ ಸೌಮ್ಯ ಸೋಪಿನಿಂದ ಒಗೆದು ನೆರಳಿನಲ್ಲಿ ಹರವಿ ಒಣಗಿಸಬೇಕು. ಅಚ್ಚಿನ ಮೇಲೆ ನೇರವಾಗಿ ಇಸ್ತ್ರಿ ಹಾಕಬಾರದು. ಸಂಗ್ರಹದ ಅಂಗಿಗಳನ್ನು ನೇತುಹಾಕಿದರೆ ಭುಜ ಜೋಲುತ್ತದೆ. ಆಮ್ಲರಹಿತ ತೆಳುಕಾಗದವನ್ನು ಅಚ್ಚಿನ ನಡುವೆ ಇಟ್ಟು ಮಲಗಿಸಿಡುವುದು ಉತ್ತಮ. ಬಿಗಿ ಪ್ಲಾಸ್ಟಿಕ್ ಚೀಲ ತೇವವನ್ನು ಹಿಡಿದಿಡುತ್ತದೆ. ನಮ್ಮ ಮಳೆಗಾಲದಲ್ಲಿ ಇದು ಬೂಷ್ಟಿಗೆ ದಾರಿ.

ಹಳೆಯ ಕಪ್ಪು ಅಂಗಿಗಳಿಗೆ ವಿಶೇಷ ಅಪಾಯವಿದೆ. ಗಂಧಕ ಆಧಾರಿತ ಕಪ್ಪು ಬಣ್ಣ ಕಾಲಕ್ರಮೇಣ ಆಮ್ಲ ಬಿಡುಗಡೆ ಮಾಡಿ ಹತ್ತಿಯ ನಾರನ್ನು ತಿನ್ನುತ್ತದೆ. ಹೊರಗಿನಿಂದ ಹೊಸದರಂತೆ ಕಾಣುವ ಅಂಗಿ ಎಳೆದ ಕೂಡಲೇ ಕಾಗದದಂತೆ ಹರಿಯುತ್ತದೆ. ಸಂಗ್ರಾಹಕರು ಇದನ್ನು 'ಡ್ರೈ ರಾಟ್' ಎನ್ನುತ್ತಾರೆ. ಇದಕ್ಕೆ ಮದ್ದಿಲ್ಲ, ಕೊಳ್ಳುವ ಮುನ್ನ ಅಂಚನ್ನು ಮೆಲ್ಲಗೆ ಎಳೆದು ಪರೀಕ್ಷಿಸುವುದೊಂದೇ ದಾರಿ. ತೊಡಲಾಗದಷ್ಟು ಜೀರ್ಣವಾದವನ್ನು ಕತ್ತರಿಸಿ ಕೌದಿಯಾಗಿ ಹೊಲಿಸುವವರೂ ಇದ್ದಾರೆ. ಅಪರೂಪದ ಅಂಗಿಯಾದರೆ ಕತ್ತರಿ ಹಾಕುವ ಮೊದಲು ಎಲ್ಲ ಬದಿಗಳ ಛಾಯಾಚಿತ್ರ ತೆಗೆದಿಡಬೇಕು.

ಭಾರತ ಮತ್ತು ಕರ್ನಾಟಕದಲ್ಲಿ

ಜಗತ್ತಿನ ಅಂಗಿ ವ್ಯಾಪಾರದಲ್ಲಿ ಭಾರತಕ್ಕೆ ಪ್ರಮುಖ ಸ್ಥಾನವಿದೆ. ಹೆಣೆದ ಹತ್ತಿ ಉಡುಪಿನ ರಫ್ತಿಗೆ ತಮಿಳುನಾಡಿನ ತಿರುಪ್ಪೂರು ದೇಶದ ದೊಡ್ಡ ಕೇಂದ್ರ. ಕೇಳುಗರ ಲೋಕದಲ್ಲಿ ಬೆಂಗಳೂರಿಗೆ ಅಂಥದೇ ಸ್ಥಾನ. ಅರಮನೆ ಮೈದಾನದಲ್ಲಿ 2002ರಲ್ಲಿ ರೋಜರ್ ವಾಟರ್ಸ್, 2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್, 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಕಛೇರಿ ನಡೆಸಿದರು. ಕಾಳಿಯ ನಾಲಗೆಯಿಂದ ಹುಟ್ಟಿದ ಲಾಂಛನ ಮೂರು ದಶಕಗಳ ಬಳಿಕ ಭಾರತದ ವೇದಿಕೆಯ ಮೇಲೆ ಬಂದದ್ದು ಆ ಏಪ್ರಿಲ್‌ನಲ್ಲಿ. ಮೆಟಾಲಿಕಾ ತಂಡದ ಗುರುಗ್ರಾಮದ ಕಾರ್ಯಕ್ರಮ ರದ್ದಾಗಿದ್ದರಿಂದ ಬೆಂಗಳೂರಿನದೇ ದೇಶದಲ್ಲಿ ಆ ತಂಡದ ಮೊದಲ ಕಛೇರಿಯಾಯಿತು. ಆ ದಿನದ ಅಂಗಿ ಅದಕ್ಕಾಗಿಯೇ ಇಲ್ಲಿನ ಅಭಿಮಾನಿಗಳಿಗೆ ಅಮೂಲ್ಯ.

ಇಲ್ಲಿನ ತಂಡಗಳ ಅಂಗಿಗಳಿಗೂ ಇತಿಹಾಸವಿದೆ. 1996ರಲ್ಲಿ ಆರಂಭವಾದ ಥರ್ಮಲ್ ಅಂಡ್ ಎ ಕ್ವಾರ್ಟರ್, 1998ರಲ್ಲಿ ಆರಂಭವಾಗಿ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದವರೆಗೆ ಹೋದ ಕ್ರಿಪ್ಟೋಸ್, ಕನ್ನಡದಲ್ಲೂ ಹಾಡುವ ಸ್ವರಾತ್ಮ ಮತ್ತು ರಘು ದೀಕ್ಷಿತ್ ಪ್ರಾಜೆಕ್ಟ್ ಬೆಂಗಳೂರು-ಮೈಸೂರುಗಳ ಹೆಸರನ್ನು ಹೊರಗೆ ಒಯ್ದ ತಂಡಗಳು. 2012ರಿಂದ ನಡೆಯುತ್ತಿರುವ ಬೆಂಗಳೂರು ಓಪನ್ ಏರ್ ಮೆಟಲ್ ಉತ್ಸವ ಕಪ್ಪು ಅಂಗಿಗಳ ವಾರ್ಷಿಕ ಸಮ್ಮೇಳನವೇ ಆಗಿದೆ. ದೂರದ ತಂಡಗಳ ಅಂಗಿಗಳನ್ನು ಜಗತ್ತು ಕೂಡಿಡುತ್ತಿದೆ. ನಮ್ಮ ತಂಡಗಳ, ಕಾಲೇಜು ಉತ್ಸವಗಳ, ಸಣ್ಣ ವೇದಿಕೆಗಳ ಅಂಗಿಗಳು ಸಣ್ಣ ಸಂಖ್ಯೆಯಲ್ಲಿ ಮುದ್ರಣವಾಗಿ ಮನೆಮನೆಗಳಲ್ಲಿ ಚದುರಿಹೋಗಿವೆ.

ಇವನ್ನು ಉಳಿಸಲು ದೊಡ್ಡ ಹಣ ಬೇಕಿಲ್ಲ. ಅಂಗಿಯ ಎರಡೂ ಬದಿಯ ಚಿತ್ರ, ಕತ್ತಿನ ಪಟ್ಟಿಯ ಚಿತ್ರ, ಅಳತೆ, ಕೊಂಡ ಊರು ಮತ್ತು ದಿನಾಂಕ, ವಿನ್ಯಾಸ ಮಾಡಿದವರ ಹೆಸರು, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಮನೆಯಲ್ಲಿ ಇಂಥ ಅಂಗಿ ಇರುವವರು ಅದನ್ನು ಒರೆಸುವ ಬಟ್ಟೆ ಮಾಡುವ ಮುನ್ನ ಈ ವಿವರ ದಾಖಲಿಸಲಿ. ಸಂಗೀತ ಮತ್ತು ಮುದ್ರಣಕಲೆಯನ್ನು ಕಲಿಸುವ ಸಂಸ್ಥೆಗಳು ಅವನ್ನು ಕೇಳಿ ಪಡೆದು ಜೋಪಾನ ಮಾಡಲಿ.